ಅತ್ತೆಯ ಮರೆವನ್ನು ಊರಿಗೆ ಹೇಳಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಅತ್ತೆಗೆ 74 ವರ್ಷ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದು ವೈದ್ಯರು ಹೇಳಿದ್ದಾರೆ. ಸಂಜೆಯಾದರೆ ‘ಅಮ್ಮ ಕಾಯುತ್ತಿರುತ್ತಾಳೆ’ ಎಂದು ತವರಿಗೆ ಹೊರಟು ನಿಲ್ಲುತ್ತಾರೆ. ಹತ್ತಿರ ಆರೈಕೆ ಕೇಂದ್ರವಿಲ್ಲ. ಊರಿಗೆ ತಿಳಿದರೆ ಆಡಿಕೊಂಡು ನಗುತ್ತಾರೆಂದು ಯಜಮಾನರು ಬಚ್ಚಿಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಬಚ್ಚಿಡುವುದನ್ನು ಬಿಡಿ. ಅವರು ಗೇಟು ದಾಟಿದ ಮೇಲೆ ಕೈ ಹಿಡಿಯಬೇಕಾದವರು ಊರಿನವರೇ ತಾನೆ? ಇಡೀ ಊರಿಗೆ ಸಾರಬೇಕಿಲ್ಲ. ಪಕ್ಕದ ಮನೆ, ಅಂಗಡಿ, ಆಟೊ ನಿಲ್ದಾಣ, ಆಶಾ ಕಾರ್ಯಕರ್ತೆ, ಇಷ್ಟು ಸಾಕು. ‘ಇದು ಮೆದುಳಿನ ಕಾಯಿಲೆ, ಒಬ್ಬರೇ ಕಂಡರೆ ಕೂರಿಸಿಕೊಂಡು ನಮಗೆ ಫೋನ್ ಮಾಡಿ’ ಎಂದು ಹೇಳಿ, ನಂಬರ್ ಕೊಡಿ.

ಹೇಗೆ ಮಾತನಾಡಬೇಕೆಂಬುದನ್ನೂ ತಿಳಿಸಿ. ‘ನಿಮ್ಮಮ್ಮ ತೀರಿಕೊಂಡು ಎಷ್ಟು ವರ್ಷವಾಯಿತು!’ ಎಂದು ಯಾರಾದರೂ ಅಂದರೆ ಅತ್ತೆಗೆ ಅದು ಇಂದೇ ಬಂದ ಸಾವಿನ ಸುದ್ದಿ. ವಾದ ಬೇಡ. ನಾಲ್ಕು ಹೆಜ್ಜೆ ಜೊತೆಗೆ ನಡೆದು, ‘ನಿಮ್ಮಮ್ಮ ಕಡುಬು ಹೇಗೆ ಮಾಡುತ್ತಿದ್ದರು?’ ಎಂದು ಕೇಳಿದರೆ, ಆ ಕಥೆ ಮುಗಿಯುವಷ್ಟರಲ್ಲಿ ಅನೇಕ ಸಲ ಮನೆಯತ್ತ ತಿರುಗಿರುತ್ತಾರೆ. ಕತ್ತಲಾಗುವ ಮುನ್ನವೇ ದೀಪ ಹಾಕಿ, ತಿಂಡಿ ಕೊಟ್ಟು, ಶೌಚಕ್ಕೆ ಕರೆದೊಯ್ಯಿರಿ. ಹಸಿವೂ ಮೂತ್ರದ ಒತ್ತಡವೂ ಅವರ ಬಾಯಲ್ಲಿ ‘ತವರಿಗೆ ಹೋಗಬೇಕು’ ಎಂದಾಗುವುದುಂಟು. ಗೊಂದಲ ಎರಡೇ ದಿನದಲ್ಲಿ ಏಕಾಏಕಿ ಹೆಚ್ಚಿದರೆ ಮಾತ್ರ ಕಾಯಬೇಡಿ. ಮೂತ್ರನಾಳದ ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು, ವೈದ್ಯರಿಗೆ ತೋರಿಸಿ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಆ ಕೊರತೆಗಳೂ ಮರೆವು ತರುತ್ತವೆ, ಅವಕ್ಕೆ ಚಿಕಿತ್ಸೆ ಇದೆ.

ಇನ್ನು ಆರೈಕೆ ಕೇಂದ್ರದ ವಿಷಯ. 60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಆರೈಕೆ ಕೇಂದ್ರಗಳೋ ಬಹುಪಾಲು ಬೆಂಗಳೂರಿನಂಥ ನಗರಗಳಲ್ಲೇ ಇವೆ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ ಆರಂಭಿಸಿದ ಮೆದುಳು ಆರೋಗ್ಯ ಕ್ಲಿನಿಕ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮಗೇ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567. ಊರಲ್ಲಿ ಇಂಥ ಇನ್ನೆರಡು ಮನೆಗಳು ಇದ್ದೇ ಇರುತ್ತವೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮೂರೂ ಮನೆಯವರು ಸೇರಿ ವಾರಕ್ಕೆರಡು ಮಧ್ಯಾಹ್ನ ಪಂಚಾಯಿತಿಯ ಸಭಾಭವನ ಬಿಟ್ಟುಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಹೂ ಕಟ್ಟುವುದು, ಹಾಡು, ಭಜನೆ ಇರಲಿ. ಸರದಿಯಲ್ಲಿ ಒಬ್ಬರು ನೋಡಿಕೊಂಡರೆ ಉಳಿದಿಬ್ಬರಿಗೆ ಮೂರು ಗಂಟೆ ಬಿಡುವು.

ಕೊನೆಗೆ ನೆಂಟರ ಮಾತು. ಹಬ್ಬಕ್ಕೆ ಬಂದವರೆದುರು ರೋಗಿಗಳು ಲವಲವಿಕೆಯಿಂದಿರುವುದು ಸಾಮಾನ್ಯ. ‘ಅಮ್ಮ ಚೆನ್ನಾಗಿಯೇ ಇದ್ದಾಳಲ್ಲ ಅತ್ತಿಗೆ’ ಎನ್ನುವ ನಾದಿನಿ, ಮೈದುನ ನಿಮಗೂ ಇದ್ದರೆ, ಈ ಉತ್ತರ ಓದಿಸಿ, ಮುಂದಿನ ತಿಂಗಳು ಯಾವ ವಾರ ಬಂದು ನೋಡಿಕೊಳ್ಳುತ್ತೀರಿ ಎಂದು ನಿಮ್ಮ ಯಜಮಾನರಿಂದಲೇ ಕೇಳಿಸಿ.