ಆರು ಜನ, ತಿಂಗಳಿಗೊಮ್ಮೆ ಪುತ್ತೂರು: ಸಫಾರಿ, ಎಕ್ಸ್‌ಯುವಿ700, ಸ್ಕಾರ್ಪಿಯೋ-ಎನ್, ಹೈಕ್ರಾಸ್‌ನಲ್ಲಿ ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಹೇಳಿಬಿಡ್ತೀನಿ, ತಪ್ಪಿದ್ದರೆ ತಿದ್ದಿ. ನೀವಿಬ್ಬರು, ಹನ್ನೊಂದು ಮತ್ತು ಏಳು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅಪ್ಪ-ಅಮ್ಮ. ಬೆಂಗಳೂರಲ್ಲಿ ಮನೆ, ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ. ವಾರದ ದಿನಗಳಲ್ಲಿ ಸ್ಕೂಲು, ಆಫೀಸು. ಟಾಟಾ ಸಫಾರಿ, ಮಹೀಂದ್ರಾದ ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೋ-ಎನ್, ಟೊಯೊಟಾ ಇನ್ನೋವಾ ಹೈಕ್ರಾಸ್, ಈ ನಾಲ್ಕು ಗಾಡಿಗಳಲ್ಲಿ ಜಾಗ, ಆರಾಮ, ಪಿಕಪ್ ಮೂರೂ ಚೆನ್ನಾಗಿರೋದು ಯಾವುದು ಅಂತ ಕೇಳಿದ್ದೀರಿ.

ಮೂರೂ ಒಂದರಲ್ಲೇ ಸಿಗಲ್ಲ. ಸಿಕ್ಕಿದ್ದರೆ ಉಳಿದ ಮೂರನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಿಮ್ಮ ಮನೆಗೆ ನಾನು ಹೇಳೋದು ಹೈಕ್ರಾಸ್. ನೀವು ಒಬ್ಬರೇ ಓಡಿಸೋ ಗಾಡಿ ಆಗಿದ್ದರೆ ಎಕ್ಸ್‌ಯುವಿ700 (2026ರಿಂದ ಅದರ ಹೆಸರು ಎಕ್ಸ್‌ಯುವಿ 7ಎಕ್ಸ್‌ಒ) ಅನ್ನುತ್ತಿದ್ದೆ.

ಮೊದಲೇ ಒಂದು ಮಾತು. ನಾನು ಏಳು ವರ್ಷ ಇನ್ನೋವಾ ಕ್ರಿಸ್ಟಾ ಓಡಿಸಿದವನು, ಎರಡು ವರ್ಷದಿಂದ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರೋದು) ಇದೆ. ಭಾವನ ಹತ್ತಿರ ಎಕ್ಸ್‌ಯುವಿ700 ಡೀಸೆಲ್ ಆಟೋಮ್ಯಾಟಿಕ್, ಆಫೀಸಿನ ಗೆಳೆಯನ ಹತ್ತಿರ ಸ್ಕಾರ್ಪಿಯೋ-ಎನ್. ಎರಡನ್ನೂ ಘಾಟಿಯಲ್ಲಿ ಓಡಿಸಿದ್ದೀನಿ. ಸಫಾರಿಯಲ್ಲಿ ಒಂದು ಮದುವೆಗೆ ಹೋಗಿ ಬಂದಿದ್ದೀನಿ, ಅರ್ಧ ದಾರಿ ನಾನೇ ಓಡಿಸಿದೆ. ಹಾಗಾಗಿ ನನ್ನ ತಕ್ಕಡಿ ಟೊಯೊಟಾ ಕಡೆ ಸ್ವಲ್ಪ ವಾಲಿರುತ್ತೆ, ಅಷ್ಟನ್ನು ಕಳೆದು ಓದಿಕೊಳ್ಳಿ.

ಶೋರೂಂನಲ್ಲಿ ಡಿಕ್ಕಿ ತೆಗೆದು ತೋರಿಸ್ತಾರಲ್ಲ, ಆಗ ಮೂರನೇ ಸಾಲಿನ ಸೀಟು ಯಾವಾಗಲೂ ಮಡಚಿರುತ್ತೆ. ನೋಡಿದರೆ ಮಂಚ ಹಾಕಬಹುದು ಅನ್ನಿಸುತ್ತೆ. "ಆ ಸೀಟು ಎತ್ತಿ ತೋರಿಸಿ" ಅನ್ನಿ. ಸಫಾರಿಯಲ್ಲಿ ಮೂರೂ ಸಾಲು ಎತ್ತಿದರೆ ಹಿಂದೆ ಉಳಿಯೋದು ಲೆಕ್ಕಕ್ಕೆ 73 ಲೀಟರ್. ಎರಡು ಲ್ಯಾಪ್‌ಟಾಪ್ ಬ್ಯಾಗು, ಒಂದು ಛತ್ರಿ, ಮುಗೀತು. ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೋ-ಎನ್ ಕಥೆಯೂ ಇದಕ್ಕಿಂತ ಬಹಳ ಬೇರೆ ಅಲ್ಲ. ಸ್ಕಾರ್ಪಿಯೋದಲ್ಲಿ ಇನ್ನೊಂದು ತೊಡಕು, ಮೂರನೇ ಸಾಲು ಒಂದೇ ಉದ್ದದ ಸೀಟು. ಅರ್ಧ ಮಡಚಿ ಅರ್ಧದಲ್ಲಿ ಒಬ್ಬರನ್ನು ಕೂರಿಸೋಣ ಅಂದರೆ ಆಗಲ್ಲ, ಮಡಚಿದರೆ ಪೂರ್ತಿ ಮಡಚಬೇಕು. ಸಫಾರಿ, ಎಕ್ಸ್‌ಯುವಿ700, ಹೈಕ್ರಾಸ್ ಮೂರರಲ್ಲೂ ಆ ಸೀಟು ಎರಡು ಭಾಗ. ಆರು ಜನರ ಮನೆಗೆ ಇದು ದೊಡ್ಡ ವಿಷಯ. ನಡುವಿನ ಸಾಲು ಉದ್ದ ಸೀಟಾದರೆ ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಒಬ್ಬರು, ಅವರ ಪಕ್ಕದ ಅರ್ಧದಲ್ಲಿ ಸೂಟ್‌ಕೇಸ್.

ಹೋಗೋವಾಗ ಸೂಟ್‌ಕೇಸ್ ಅಷ್ಟೇ ಇರುತ್ತೆ, ಬರೋವಾಗ ಇರೋದು ಊರಿನ ಸಾಮಾನು. ನಿಮಗೆ ಹೇಳಬೇಕಾ? ಕುಚ್ಚಲಕ್ಕಿ ಚೀಲ, ಹತ್ತಿಪ್ಪತ್ತು ತೆಂಗಿನಕಾಯಿ, ಒಂದು ಬಾಳೆಗೊನೆ, ಕಾಲ ಬಂದರೆ ಹಲಸು. ಒಂದು ಸಲ ನಮ್ಮ ಗಾಡಿ ಸರ್ವೀಸಿಗೆ ಹೋಗಿದ್ದಾಗ ಏಳು ಸೀಟಿನ ಒಂದು ಬಾಡಿಗೆ ಗಾಡಿಯಲ್ಲಿ ಕೊಪ್ಪಕ್ಕೆ ಹೋಗಿದ್ದೆವು. ಕಂಪನಿ ಹೆಸರು ಬೇಡ. ವಾಪಸ್ ಹೊರಡೋವಾಗ ಡಿಕ್ಕಿ ಬಾಗಿಲು ಮುಚ್ಚಲೇ ಇಲ್ಲ. ಚಿಕ್ಕಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ನನ್ನ ಹೆಂಡತಿ ಬೆಂಗಳೂರು ತನಕ ತೊಡೆ ಮೇಲೆ ಇಟ್ಟುಕೊಂಡು ಬಂದಳು. ಕಡೂರು ದಾಟೋ ಹೊತ್ತಿಗೆ ಸೀರೆ ಮೇಲೆ ಎಣ್ಣೆಯ ಒಂದು ದುಂಡನೆ ಗುರುತು. ಗಾಡಿ ಕೊಳ್ಳೋ ಮಾತು ಬಂದಾಗಲೆಲ್ಲ ಆ ಸೀರೆ ಹೊರಗೆ ಬರುತ್ತೆ.

ಹೈಕ್ರಾಸ್‌ನಲ್ಲಿ ಮೂರನೇ ಸೀಟು ಎತ್ತಿದ ಮೇಲೂ ಹಿಂದೆ ಒಂದು ಆಳದ ಗುಂಡಿ ಉಳಿಯುತ್ತೆ. ಸೂಟ್‌ಕೇಸನ್ನು ಮಲಗಿಸೋ ಬದಲು ನಿಲ್ಲಿಸಿ ಇಡಬೇಕು. ಎರಡು ನಿಲ್ಲುತ್ತೆ, ಸಂದಿಯಲ್ಲಿ ಚೀಲ ತುರುಕಬಹುದು. ಇದರ ಹಿಂದೆ ಜಾದೂ ಏನಿಲ್ಲ, ಉದ್ದ ಜಾಸ್ತಿ ಅಷ್ಟೇ. ಇದು 4755 ಮಿಮೀ, ಎಕ್ಸ್‌ಯುವಿ700 4695, ಸಫಾರಿ 4668, ಸ್ಕಾರ್ಪಿಯೋ-ಎನ್ 4662. ಅದಕ್ಕಿಂತ ಮುಖ್ಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ. ಹೈಕ್ರಾಸ್‌ನಲ್ಲಿ 2850, ಉಳಿದ ಮೂರರಲ್ಲೂ 2750 ಆಸುಪಾಸು. ಆ ಹತ್ತು ಸೆಂಟಿಮೀಟರ್ ನೇರವಾಗಿ ಮಂಡಿಗೆ ಸಿಗುತ್ತೆ. (ಟೆಕ್ಸಾಸ್‌ನಲ್ಲಿರೋ ನಮ್ಮಣ್ಣನಿಗೆ ಇದೆಲ್ಲ ಹೇಳಿದರೆ ನಗ್ತಾನೆ. ಅವನ ಶೆವರ್ಲೆ ಸಬರ್ಬನ್ 5.7 ಮೀಟರ್ ಉದ್ದ, ಎಲ್ಲ ಸೀಟು ತುಂಬಿದ ಮೇಲೂ ಹಿಂದೆ 1,100 ಲೀಟರಿಗಿಂತ ಜಾಸ್ತಿ ಜಾಗ. ಆದರೆ ಅದನ್ನು ಗಾಂಧಿ ಬಜಾರಿನಲ್ಲಿ ತಿರುಗಿಸಲಿ ನೋಡೋಣ.)

ಇನ್ನು ಅಪ್ಪ-ಅಮ್ಮ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದ್ರೆ ಗಾಡಿ ಕೊಂಡ ಮೇಲೆ ಜನ ಬೇಜಾರು ಮಾಡಿಕೊಳ್ಳೋದು ಇಲ್ಲೇ. ನನ್ನ ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಗೆಳೆಯನ ಸ್ಕಾರ್ಪಿಯೋಗೆ ಹತ್ತುವಾಗ ಎಡಗೈಯಲ್ಲಿ ಸೀರೆಯ ನೆರಿಗೆ ಹಿಡಿದು, ಬಲಗೈಯಲ್ಲಿ ಮೇಲಿನ ಹಿಡಿ ಹಿಡಿದು, ಮೊದಲು ಫುಟ್‌ಬೋರ್ಡ್ ಮೇಲೆ ಬಲಗಾಲು, ಅಲ್ಲಿ ಒಂದು ಉಸಿರು, ಆಮೇಲೆ ಒಳಗೆ ಸೊಂಟ ತಿರುಗಿಸಿ "ಅಮ್ಮಾ" ಅಂತ ಕೂತರು. ಇಳಿಯೋದು ಇನ್ನೂ ಕಷ್ಟ, ಕಾಲಿಗೆ ಫುಟ್‌ಬೋರ್ಡ್ ಕಾಣಲ್ಲ, ತಡಕಾಡಬೇಕು. ದಾರಿಯಲ್ಲಿ ಕಾಫಿಗೆ ಒಂದು ಸಲ, ಬಾತ್‌ರೂಂಗೆ ಎರಡು ಸಲ, ದೇವಸ್ಥಾನಕ್ಕೆ ಒಂದು ಸಲ ಅಂತ ಲೆಕ್ಕ ಹಾಕಿ.

ಅದು ಗಾಡಿಯ ತಪ್ಪಲ್ಲ. ಸ್ಕಾರ್ಪಿಯೋ-ಎನ್ ಲಾರಿಯ ಹಾಗೆ ಕೆಳಗೆ ಪ್ರತ್ಯೇಕ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಾಡಿ ಕೂರಿಸಿದ ಗಾಡಿ. ಗಟ್ಟಿ, ಕಾಫಿ ತೋಟದ ಕಚ್ಚಾ ದಾರಿಗೆ ಹೇಳಿ ಮಾಡಿಸಿದ್ದು, ಬೇಕಾದರೆ ಫೋರ್ ವೀಲ್ ಡ್ರೈವ್ ಕೂಡ ಸಿಗುತ್ತೆ. ಆದರೆ ಚಾಸಿ ಕೆಳಗಿದ್ದಾಗ ನೆಲ ಮೇಲೆ ಬರಲೇಬೇಕು. ನೆಲ ಮೇಲೆ ಬಂದರೆ ಹತ್ತೋದು ಕಷ್ಟ, ಮೂರನೇ ಸಾಲಿನಲ್ಲಿ ಕೂತವರ ಮಂಡಿ ಎದೆಗೆ. ಫಾರ್ಚುನರ್‌ನಲ್ಲೂ ಇದೇ. ಬಜೆಟ್ ಎಳೆದು ಫಾರ್ಚುನರ್ ತಗೊಳ್ಳಿ ಅನ್ನೋರು ನಿಮಗೆ ಸಿಕ್ಕೇ ಸಿಗ್ತಾರೆ, ಅವರ ಮನೆಯಲ್ಲಿ ಹಿಂದೆ ಯಾರು ಕೂರ್ತಾರೆ ಅಂತ ಒಂದು ಮಾತು ಕೇಳಿ. ಹೈಕ್ರಾಸ್, ಎಕ್ಸ್‌ಯುವಿ700, ಸಫಾರಿ ಮೂರೂ ಕಾರಿನ ಹಾಗೆ ಚಾಸಿ-ಬಾಡಿ ಒಂದೇ ಆಗಿ ಕಟ್ಟಿದವು. ಅದರಲ್ಲೂ ಹೈಕ್ರಾಸ್ ನೆಲ ಎಲ್ಲಕ್ಕಿಂತ ತಗ್ಗು. ಅಮ್ಮ ಅದಕ್ಕೆ ಹತ್ತೋದಿಲ್ಲ, ಕುರ್ಚಿಗೆ ಕೂತ ಹಾಗೆ ಪಕ್ಕದಿಂದ ಕೂತು ಕಾಲು ಒಳಗೆ ಎಳೆದುಕೊಳ್ತಾರೆ. ನಾನು ಕ್ರಿಸ್ಟಾ ಬಿಟ್ಟಿದ್ದೇ ಇದಕ್ಕೆ, ಮೈಲೇಜ್‌ಗೆ ಅಲ್ಲ.

ನಡುವಿನ ಸಾಲಿಗೆ ಉದ್ದ ಸೀಟೋ, ಬೇರೆ ಬೇರೆ ಎರಡು ಕ್ಯಾಪ್ಟನ್ ಸೀಟೋ? ನಿಮ್ಮಲ್ಲಿ ಎರಡು ಕ್ಯಾಪ್ಟನ್ ಸೀಟು ತಗೊಳ್ಳಿ. ಅಪ್ಪ-ಅಮ್ಮನಿಗೆ ಒಂದೊಂದು, ನಡುವಿನ ಸಂದಿಯಲ್ಲಿ ನುಗ್ಗಿ ಮಕ್ಕಳು ಹಿಂದೆ. ಉದ್ದ ಸೀಟಾದರೆ ಮಕ್ಕಳು ಹಿಂದೆ ಹೋಗೋಕೆ ಪ್ರತಿ ಸಲ ಅಜ್ಜನನ್ನು ಎಬ್ಬಿಸಬೇಕು. ಹೈಕ್ರಾಸ್ ಮೇಲಿನ ಮಾಡೆಲ್‌ನಲ್ಲಿ ಕಾಲು ಚಾಚೋ ಒಟ್ಟೊಮನ್ ಸೀಟು ಇದೆ, ಸಫಾರಿಯ ಆರು ಸೀಟಿನದರಲ್ಲಿ ಕ್ಯಾಪ್ಟನ್ ಸೀಟು ತುಂಬಾ ಸುಖ. ಸಫಾರಿಯ ನಡುವಿನ ಸಾಲು, ಸುಳ್ಳು ಯಾಕೆ, ನಮ್ಮ ಗಾಡಿಗಿಂತ ಮೆತ್ತಗಿದೆ ಅನ್ನಿಸಿತು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಅದು ನೆಲಕ್ಕೆ ಕಚ್ಚಿಕೊಂಡು ಹೋಗೋದೂ ಚೆನ್ನ. ಲ್ಯಾಂಡ್ ರೋವರ್‌ನ ಹಳೇ ಪ್ಲಾಟ್‌ಫಾರ್ಮ್‌ನಿಂದ ಬಂದ ಗಾಡಿ ಅಂತ ಜನ ಹೊಗಳೋದು ಸುಮ್ನೆ ಅಲ್ಲ.

ಮಕ್ಕಳು ಹಿಂದೆ ಅಂದೆ. ಘಾಟಿಯಲ್ಲಿ ಹಿಂದೆ ಕೂರೋದು ಅಷ್ಟು ಸುಲಭ ಅಲ್ಲ. ಆ ಸೀಟು ಹಿಂದಿನ ಚಕ್ರದ ಮೇಲೆ ಇರುತ್ತೆ, ತಿರುವಿನಲ್ಲಿ ಎಲ್ಲರಿಗಿಂತ ಜಾಸ್ತಿ ತೊನೆಯೋದು ಅದೇ, ಕಿಟಕಿ ಚಿಕ್ಕದು, ಇಳಿಸೋಕೂ ಬರಲ್ಲ. ನನ್ನ ಚಿಕ್ಕ ಮಗಳು ಚಾರ್ಮಾಡಿ ಘಾಟಿಯಲ್ಲಿ ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು ಬರೋವಾಗ "ಅಪ್ಪಾ ನಿಲ್ಲಿಸು" ಅನ್ನೋಷ್ಟರಲ್ಲಿ ಬೆಳಿಗ್ಗೆ ತಿಂದ ಪುಳಿಯೋಗರೆ ಪೂರ್ತಿ ಹೊರಗೆ. ಶಿರಾಡಿ ಅಷ್ಟು ಕೆಟ್ಟದ್ದಲ್ಲ, ತಿರುವುಗಳು ಅಗಲ. ಆದರೂ ಸಕಲೇಶಪುರದಲ್ಲಿ ತಿಂಡಿ ತಿನ್ನಿಸಿ ಸೀದಾ ಘಾಟಿ ಇಳಿಸಬೇಡಿ. ತಿಂಡಿ ಹಾಸನದಲ್ಲೇ ಮುಗಿಸಿ.

ಪಿಕಪ್ ವಿಷಯ ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. ಭಾವನ ಎಕ್ಸ್‌ಯುವಿ700 ಡೀಸೆಲ್ 185 ಪಿಎಸ್ (ಎಂಜಿನ್ ಬಲದ ಲೆಕ್ಕ), ಆಟೋಮ್ಯಾಟಿಕ್‌ನಲ್ಲಿ 450 ಎನ್‌ಎಂ ಟಾರ್ಕ್, ಅಂದರೆ ಎಳೆಯೋ ಶಕ್ತಿ. ಘಾಟಿ ಹತ್ತುವಾಗ ಮುಂದೆ ಟ್ಯಾಂಕರ್ ಸಿಕ್ಕರೆ, ಎದುರು ಖಾಲಿ ಕಂಡ ತಕ್ಷಣ ಕಾಲಿಟ್ಟರೆ ಸಾಕು, ದಾಟಿ ಆಗಿರುತ್ತೆ. ಪೆಟ್ರೋಲ್ ಆದರೆ 200 ಪಿಎಸ್, ಇನ್ನೂ ಹುಚ್ಚು, ಕುಡಿಯೋದೂ ಹಾಗೇ. ಸ್ಕಾರ್ಪಿಯೋ-ಎನ್ ಡೀಸೆಲ್ 175, ಸಫಾರಿ ಡೀಸೆಲ್ 170. ಇವೆರಡೂ ಸಾಕಷ್ಟು ಚುರುಕು, ದೂರು ಹೇಳೋ ಹಾಗಿಲ್ಲ. ಹೈಕ್ರಾಸ್ ಹೈಬ್ರಿಡ್ ಕಾಗದದ ಮೇಲೆ ಮೋಟಾರು, ಎಂಜಿನ್ ಸೇರಿ 186 ಪಿಎಸ್. ಆದರೆ ಆರು ಜನ ತುಂಬಿಕೊಂಡು ಘಾಟಿ ಬುಡದ ಗುಂಡ್ಯದಿಂದ ಮೇಲೆ ಹತ್ತುವಾಗ ಕಾಲು ಒತ್ತಿದರೆ ಎಂಜಿನ್ ಮಿಕ್ಸಿ ಹಾಗೆ ಒಂದೇ ಸಮ ಕೂಗುತ್ತೆ. ಗಾಡಿ ಹೋಗುತ್ತೆ, ಖುಷಿ ಆಗಲ್ಲ. ಓಡಿಸೋ ಚಟ ಇರೋರಿಗೆ ಇದು ಸಪ್ಪೆ.

ಇಳಿಯುವಾಗ ಮಾತ್ರ ಅದರ ಆಟ ಬೇರೆ. ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬ್ತಾ ಬರುತ್ತೆ. ಇನ್ನು ನೆಲಮಂಗಲದ ಜಾಮ್‌ನಲ್ಲಿ ಎಂಜಿನ್ ಆಫ್, ಎಸಿ ಆನ್, ಗಾಡಿ ಸದ್ದಿಲ್ಲದೆ ತೆವಳುತ್ತೆ. ಗಾಡಿ ಪರೀಕ್ಷೆ ಮಾಡೋ ಸಂಸ್ಥೆ ಎಆರ್‌ಎಐ ಲೆಕ್ಕದಲ್ಲಿ ಲೀಟರಿಗೆ 23.24 ಕಿಮೀ. ನನಗೆ ಸಿಗೋದು ಸಿಟಿಯಲ್ಲಿ 16-17, ಊರಿಗೆ ಹೋಗಿ ಬಂದರೆ 17-18. ಇಷ್ಟು ದೊಡ್ಡ ಪೆಟ್ರೋಲ್ ಗಾಡಿಗೆ ಅದು ಜಾಸ್ತಿನೇ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಮೀ ವಾರಂಟಿ ಇದೆ, ಆ ಭಯ ಬೇಡ.

ಡೀಸೆಲ್ ಬಗ್ಗೆ ಒಂದು ಎಚ್ಚರಿಕೆ. ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್‌ಗಳಲ್ಲಿ ಮಸಿ ಹಿಡಿಯೋ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳೋಕೆ ಗಾಡಿ ಬಿಸಿಯಾಗಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ವಾರವೆಲ್ಲ ಸ್ಕೂಲಿಗೆ ಮೂರು ಕಿಮೀ, ತರಕಾರಿಗೆ ಎರಡು ಕಿಮೀ ಅಂತ ಓಡಿಸಿದರೆ ಒಂದಿನ ಎಚ್ಚರಿಕೆ ದೀಪ ಉರಿಯುತ್ತೆ. ನೀವು ತಿಂಗಳಿಗೊಮ್ಮೆ ಘಾಟಿ ಇಳಿಯೋರು, ಪೂರ್ತಿ ಸಮಸ್ಯೆ ಆಗಲಿಕ್ಕಿಲ್ಲ. ಆದರೂ ಡೀಸೆಲ್ ತಗೊಂಡರೆ ಭಾನುವಾರ ತುಮಕೂರು ಕಡೆ ಒಂದು ಸುತ್ತು ಹಾಕೋ ಅಭ್ಯಾಸ ಇಟ್ಟುಕೊಳ್ಳಿ, ತಟ್ಟೆ ಇಡ್ಲಿ ನೆಪ ಇದ್ದೇ ಇದೆ.

ಸುರಕ್ಷತೆಯಲ್ಲಿ ನಾಲ್ಕಕ್ಕೂ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದು ಸ್ಟಾರ್ ಬಂದಿದೆ, ಅದರಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ ಕೂತ ಮಕ್ಕಳಿಗೆ ಬೆಲ್ಟ್ ಹಾಕಿಸೋದರಲ್ಲಿ ಕೆಡಿಸಿಕೊಳ್ಳಿ.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳಿಗೆಲ್ಲ ಜಿಎಸ್‌ಟಿ 40 ಪರ್ಸೆಂಟ್. ಮುಂಚೆ ಸೆಸ್ ಸೇರಿ ಇಂಥ ಡೀಸೆಲ್ ಗಾಡಿಗೆ 50, ಹೈಬ್ರಿಡ್‌ಗೆ 43 ಇತ್ತು. ಹೈಬ್ರಿಡ್‌ಗಿದ್ದ ಆ ಏಳರ ಲಾಭ ಈಗ ಇಲ್ಲ. ಹಾಗಾಗಿ ಒಂದೇ ಮಟ್ಟದ ಮಾಡೆಲ್ ಇಟ್ಟು ನೋಡಿದರೆ ಮಹೀಂದ್ರಾ, ಟಾಟಾ ಮುಂಚೆಗಿಂತ ಇನ್ನೂ ಅಗ್ಗ ಅನ್ನಿಸುತ್ತೆ. ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ: 10ರಿಂದ 20 ಲಕ್ಷದ ತನಕ 17 ಪರ್ಸೆಂಟ್, 20 ದಾಟಿದರೆ 18, ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. 22 ಲಕ್ಷದ ಗಾಡಿಗೆ ತೆರಿಗೆ ಅಂತಲೇ ಸುಮಾರು 4.4 ಲಕ್ಷ. ಎಕ್ಸ್ ಶೋರೂಂ ಬೆಲೆ ನೋಡಿ ಮನೆಯಲ್ಲಿ ಮಾತು ಕೊಟ್ಟುಬಿಡಬೇಡಿ. ಬಜೆಟ್ ಬಿಗಿಯಾದರೆ ನನ್ನ ಎರಡನೇ ಮಾತು ಆರು ಸೀಟಿನ ಸಫಾರಿ, ಜೊತೆಗೆ ಮೇಲೆ ಒಂದು ಕ್ಯಾರಿಯರ್. ಸ್ಕಾರ್ಪಿಯೋ-ಎನ್ ನನಗೆ ಬಹಳ ಇಷ್ಟದ ಗಾಡಿ, ನಿಮ್ಮ ಮನೆಗೆ ಮಾತ್ರ ಬೇಡ.

ಬುಕ್ ಮಾಡೋ ಮುಂಚೆ ಅಮ್ಮನನ್ನು ಸೀರೆಯಲ್ಲೇ ಶೋರೂಂಗೆ ಕರ್ಕೊಂಡು ಹೋಗಿ, ನಾಲ್ಕು ಸಲ ಹತ್ತಿಸಿ ಇಳಿಸಿ. ಮನೆಯಲ್ಲಿರೋ ದೊಡ್ಡ ಸೂಟ್‌ಕೇಸ್ ಖಾಲಿನೇ ತಗೊಂಡು ಹೋಗಿ ಡಿಕ್ಕಿಯಲ್ಲಿ ಇಟ್ಟು ನೋಡಿ. ಸೇಲ್ಸ್ ಹುಡುಗ ವಿಚಿತ್ರವಾಗಿ ನೋಡ್ತಾನೆ, ನೋಡಲಿ. ಗೇಟ್ ಕೂಡ ಅಳೆಯಿರಿ. ಸಫಾರಿ 1922 ಮಿಮೀ ಅಗಲ, ಸ್ಕಾರ್ಪಿಯೋ-ಎನ್ 1917, ಎಕ್ಸ್‌ಯುವಿ700 1890, ಹೈಕ್ರಾಸ್ 1850. ಇದೆಲ್ಲ ಕನ್ನಡಿ ಬಿಟ್ಟು. ನಾನು ಎರಡು ಕಂಬದ ನಡುವೆ ಟೇಪ್ ಹಿಡಿದು ಅಳೆದೆ, ಸರಿಯಾಗೇ ಇತ್ತು. ಗೇಟ್ ತೆರೆದಾಗ ಒಳಗೆ ಚಾಚಿಕೊಳ್ಳೋ ಚಿಲಕವನ್ನು ಅಳೆಯೋದು ಮರೆತಿದ್ದೆ. ಎಡಗಡೆ ಬಾಗಿಲ ಮೇಲೆ ಒಂದು ಗೆರೆ ಇನ್ನೂ ಹಾಗೇ ಇದೆ.