ಅಮ್ಮನಿಗೆ 72. ಕುಮಟಾದ ಅಂಗಡಿ ಮುಚ್ಚಲು ಒಪ್ಪಿಸುವುದು ಹೇಗೆ?

ನೀವು ಬೆಂಗಳೂರಿನಲ್ಲಿ, ಅಮ್ಮ ಕುಮಟಾದಲ್ಲಿ ಒಬ್ಬರೇ, ಈ ವಯಸ್ಸಿನಲ್ಲೂ ಅಂಗಡಿ. ಇನ್ನಾದರೂ ಆರಾಮಾಗಿ ಇರಲಿ ಅಂತ ನಿಮ್ಮ ಆಸೆ. 2010ರಲ್ಲಿ ನನಗೂ ಇದೇ ಆಸೆ ಇತ್ತು. ನಾನು ಮುಚ್ಚಿಸಿಯೇಬಿಟ್ಟೆ.

ನಮ್ಮದು ಸಿರ್ಸಿ ಹತ್ತಿರದ ಹಳ್ಳಿ. ಅಪ್ಪ ತೀರಿಕೊಂಡಾಗ ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, 37 ವರ್ಷ, ನಾವು ಮೂವರು ಮಕ್ಕಳು. ಇದ್ದ ಚೂರು ತೋಟದ ಅಡಿಕೆ ಊಟಕ್ಕೆ ಸಾಕು, ಓದಿಗೆ ಸಾಲದು. ಆಯಿ ಅಪ್ಪೆಮಿಡಿಯ, ಅಂದರೆ ಪರಿಮಳದ ಕಾಡುಮಾವಿನ ಎಳೆಗಾಯಿಯ, ಉಪ್ಪಿನಕಾಯಿ ಹಾಕಿ ಮಾರಲು ಶುರು ಮಾಡಿದಳು. ಮೊದಲ ವರ್ಷ ಎರಡು ಭರಣಿ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಇಪ್ಪತ್ತೆರಡು. ಅಣ್ಣನ ಧಾರವಾಡದ ಹಾಸ್ಟೆಲ್ ಖರ್ಚು, ನನ್ನ ಮದುವೆ, ತಮ್ಮನ ಕಾಲಿನ ಆಪರೇಷನ್, ಎಲ್ಲ ಅದರಿಂದಲೇ. ಹಾಗಂತ ನಮ್ಮನ್ನು ಬಿಟ್ಟು ವ್ಯಾಪಾರ ನೋಡಿದವಳಲ್ಲ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ನಮ್ಮನ್ನು ಒಬ್ಬೊಬ್ಬರಾಗಿ ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿಸಿ, ಶಾಲೆಯ ದಾರಿಗೆ ಬಿಟ್ಟೇ ಒಲೆ ಮುಂದೆ ಕೂರುತ್ತಿದ್ದಳು.

ಕೆಲಸದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಮಿಡಿಯನ್ನು ತೊಟ್ಟಿನ ಸಮೇತ ಮರ ಹತ್ತಿ ಕೈಯಲ್ಲೇ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಸಾಕು, ಭರಣಿ ಪೂರ್ತಿ ಹಾಳು. ಅದಕ್ಕೇ ನೂರರ ಲೆಕ್ಕದಲ್ಲಿ ಬಂದ ಮಿಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಉಪ್ಪಿನಲ್ಲಿ ಮಿಡಿ ನೀರು ಬಿಟ್ಟು ಚಿರುಟುವವರೆಗೆ ಖಾರದ ಮಾತೇ ಇಲ್ಲ, ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಯಿಗೆ ಆಗ 76. ಮೊಣಕಾಲು ನೋವು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಅವಳ ಲೆಕ್ಕದ ಪುಸ್ತಕ ತೆಗೆದು, ಅದರಲ್ಲಿದ್ದ ಗಿರಾಕಿಗಳಿಗೆಲ್ಲ ಸಾಲಾಗಿ ಫೋನ್ ಮಾಡಿದೆ. "ಆಯಿಗೆ ಇನ್ನು ಆಗೋದಿಲ್ಲ, ನಿಲ್ಲಿಸಿದ್ದೇವೆ" ಅಂದೆ. ಇದೊಂದೇ ಮಾತು. ಅದರಲ್ಲಿ ಎಷ್ಟು ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ, ಕೇಳಿ. ನಿಲ್ಲಿಸುವ ಮಾತು ಅವಳ ಬಾಯಿಂದ ಬರಬೇಕಿತ್ತು, ನನ್ನ ಬಾಯಿಂದ ಬಂತು. "ಆಗೋದಿಲ್ಲ" ಅಂದದ್ದನ್ನು ಜನ ಕಾಯಿಲೆ ಅಂತ ತಿಳಿದರು. ವಾರದೊಳಗೆ ಸೇಬು, ಮೂಸಂಬಿ ಹಿಡಿದು ರೋಗಿಯನ್ನು ನೋಡುವ ಹಾಗೆ ಬಂದರು. ನಲವತ್ತು ವರ್ಷ "ಈ ಸಲ ಮಿಡಿ ಹೇಗಿದೆ?" ಅಂತ ಕೇಳಿದವರು "ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದರು. ಮಿಡಿ ಕೊಯ್ದು ಕೊಡುವವನಿಗೂ ಸುದ್ದಿ ಹೋಯಿತು. ಹೊಳೆಯಂಚಿನ ಒಳ್ಳೆಯ ಮರಗಳ ಮಿಡಿಗೆ ಮೊದಲೇ ಮಾತಾಡಿಡಬೇಕು. ನಮ್ಮ ಪಾಲಿನ ಮರಗಳು ಬೇರೆಯವರಿಗೆ ಹೋದವು. ಖಾರ ಅರೆಯಲು ಬರುತ್ತಿದ್ದ ಇಬ್ಬರು ಹೆಂಗಸರು ಬೇರೆ ಕೆಲಸ ಹಿಡಿದರು. ಒಂದು ಮಧ್ಯಾಹ್ನದಲ್ಲಿ ನಾನು ಇಷ್ಟೂ ಮಾಡಿದ್ದೆ.

ಆಯಿ ಬೈಯಲಿಲ್ಲ. "ನನ್ನನ್ನು ಒಂದು ಮಾತು ಕೇಳಬೇಕಿತ್ತು, ಕೂಸೇ" ಅಂದಳು ಅಷ್ಟೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಎರಡು ವರ್ಷ ಇದ್ದಳು. ಮೊಣಕಾಲು ನೋವು ಜಾಸ್ತಿಯೇ ಆಯಿತು. ಮಾತು ಕಡಿಮೆಯಾಯಿತು.

2012ರ ಮಾರಿಕಾಂಬಾ ಜಾತ್ರೆಗೆ ಸಿರ್ಸಿಗೆ ಕರೆದುಕೊಂಡು ಹೋದೆ. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ದೇವಿಯ ಗದ್ದುಗೆಯ ಮುಂದಿನ ಸಾಲಿನಲ್ಲಿ ಹಳೇ ಗಿರಾಕಿಯೊಬ್ಬರು ಸಿಕ್ಕಿ, "ನಿಮ್ಮ ಜೀರಿಗೆ ಅಪ್ಪೆಮಿಡಿಯ ರುಚಿ ಎಲ್ಲೂ ಸಿಗಲಿಲ್ಲ" ಅಂದರು. ಆಯಿ ಹುಬ್ಬಳ್ಳಿ ಬಸ್ಸು ಹತ್ತಲೇ ಇಲ್ಲ. ಆ ವರ್ಷ ಸಿಕ್ಕಿದ ಮಿಡಿಯಲ್ಲೇ ಮೂರು ಭರಣಿ ಹಾಕಿದಳು. ಆಮೇಲೆ 88ರವರೆಗೂ ಮಾಡಿದಳು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಪ್ಪಿಸುವುದು ಯಾಕೆ? ಸುಸ್ತಾಗಿದೆ ಅಂತ ಅಮ್ಮ ಹೇಳಿದ್ದಾರಾ? ನೀವು ಬರೆದದ್ದರಲ್ಲಿ ಅದು ಎಲ್ಲೂ ಇಲ್ಲ. ನಿಮಗೆ ಹೆದರಿಕೆ ಆಗಿದೆ, ಅದು ಸಹಜ. ಆದರೆ ಅದಕ್ಕೆ ಅವರ ಅಂಗಡಿಯ ಬಾಗಿಲು ಹಾಕಬೇಡಿ. ಭಾರ ಎತ್ತಲು ಒಬ್ಬ ಹುಡುಗನನ್ನು ಇಡಿ, ಸಂಬಳ ನೀವು ಕೊಡಿ. ಕೂರಲು ಎತ್ತರದ ಕುರ್ಚಿ ಹಾಕಿಸಿ. ಕಾಗದಪತ್ರದ ಓಡಾಟ ನೀವು ನೋಡಿಕೊಳ್ಳಿ. ನಾನು ಆಮೇಲೆ ಮಾಡಿದ್ದು ಇಷ್ಟೇ: ಆಹಾರ ಸುರಕ್ಷತೆಯ ನೋಂದಣಿ, ಬಾಟಲಿಯ ಲೇಬಲ್ಲು, ಕೊರಿಯರ್. ಬೆಲೆ ಎಷ್ಟು, ಯಾರಿಗೆ ಎಷ್ಟು, ಎಲ್ಲ ಅವಳದ್ದೇ ಮಾತು.

ಆಯಿ ಕಳೆದ ವರ್ಷ ಹೋದಳು, 91ಕ್ಕೆ. ಕೊನೆಯ ಮೂರು ವರ್ಷ ಕುರ್ಚಿಯಲ್ಲಿ ಕೂತು ನನಗೆ ಹೇಳಿಕೊಡುತ್ತಿದ್ದಳು. ಭರಣಿಯ ಬಾಯಿಗೆ ಮೂಗು ತಂದು, "ಇನ್ನೂ ಎಂಟು ದಿನ ಬಿಡು" ಅನ್ನುತ್ತಿದ್ದಳು. ಈ ಸಲ ಮಿಡಿ ಕೊಯ್ಯುವವನು ಅವಳ ನಂಬರಿಗೇ ಫೋನ್ ಮಾಡಿದ. ನಾನು ತೆಗೆದೆ. ಎಷ್ಟು ನೂರು ಬೇಕು ಅಂತ ಕೇಳಿದ. ಅವಳ ಪುಸ್ತಕ ತೆರೆದು ನೋಡಿ ಹೇಳಿದೆ.