ಅಜ್ಜಿಯ ಮಡಕೆಯಲ್ಲಿ ಉಳಿದದ್ದೆಷ್ಟು?

ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ: “ಏಳು ವರ್ಷದ ಮಗಳಿಗೆ ದಿನವೂ ರಾತ್ರಿ ನೀತಿಕಥೆ ಹೇಳುತ್ತೇನೆ. ಕಥೆ ಮುಗಿಯುವ ಮೊದಲೇ ‘ಹಂಚಿಕೊಂಡು ತಿನ್ನಬೇಕು’ ಎಂದು ನೀತಿಯನ್ನು ಅವಳೇ ಒಪ್ಪಿಸಿಬಿಡುತ್ತಾಳೆ. ಮರುದಿನ ಪಕ್ಕದ ಮನೆಯ ಮಗುವಿಗೆ ಒಂದು ಬಣ್ಣದ ಪೆನ್ಸಿಲ್ ಕೊಡಲೂ ಒಪ್ಪುವುದಿಲ್ಲ. ಹುಟ್ಟುಹಬ್ಬದ ಉಡುಗೊರೆಗಳನ್ನು ಯಾರು ಕೊಟ್ಟರೆಂದೂ ನೋಡದೆ ಬಿಚ್ಚಿದಳು. ಬೆಂದಕಾಳೂರಿನ ಕಥೆ ಹೇಳಿದರೆ, ಅದು ನಿಜವಲ್ಲವಲ್ಲ, ಸುಳ್ಳು ಹೇಳಿ ಒಳ್ಳೆಯ ಗುಣ ಕಲಿಸಬಹುದೇ ಎಂದು ನಮ್ಮ ಯಜಮಾನರು ಆಕ್ಷೇಪಿಸುತ್ತಾರೆ. ಯಾವ ಕಥೆ ಹೇಳಲಿ?”

ಸಂಪಾದಕರ ಉತ್ತರ:

ಮಾನ್ಯರೇ,

ಕಥೆಯ ಕೊನೆಗೆ ಒಂದು ಪ್ರಶ್ನೆ ಬರುತ್ತದೆ, ಅದಕ್ಕೆ ಇಂಥ ಉತ್ತರ ಕೊಟ್ಟರೆ ಅಮ್ಮ ಮೆಚ್ಚುತ್ತಾಳೆ ಎಂಬುದನ್ನು ತಮ್ಮ ಮಗಳು ಚೆನ್ನಾಗಿ ಕಲಿತಿದ್ದಾಳೆ. ಅವಳ ತಪ್ಪು ಇದರಲ್ಲಿ ಏನೂ ಇಲ್ಲ. ಹೊಸ ಕಥೆ ಹುಡುಕುವ ಮೊದಲು, ಹೇಳುತ್ತಿರುವ ಕಥೆಗಳ ಕೊನೆಯ ವಾಕ್ಯವನ್ನು ಕೈಬಿಡಿ ಎಂಬುದೇ ನನ್ನ ಮೊದಲ ಬಿನ್ನಹ.

ತಮ್ಮ ಯಜಮಾನರ ಮಾತಿನಲ್ಲಿ ಹುರುಳಿದೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ಅರಸ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆ ಉಪಕಾರವನ್ನು ನೆನೆದು ಅರಸನು ಊರಿಗೆ ಬೆಂದಕಾಳೂರೆಂದು ಹೆಸರಿಟ್ಟ, ಅದೇ ಮುಂದೆ ಬೆಂಗಳೂರಾಯಿತು ಎಂಬುದು ಐತಿಹ್ಯ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆಯೇ, ಅಂದಾಜು 890ರಲ್ಲಿ, ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಹೀಗಿದ್ದರೂ ಕಥೆಯನ್ನು ಬಿಡಬೇಕಿಲ್ಲ. ‘ಹೀಗೆಂದು ಹಿಂದಿನವರು ಹೇಳುತ್ತಾರೆ’ ಎಂದು ಆರಂಭಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲ. ಒಂದು ಭಾನುವಾರ ಬೇಗೂರಿಗೆ ಕರೆದೊಯ್ದು ಕಲ್ಲಿನ ಕಥೆಯನ್ನೂ ಹೇಳಬಹುದು. ಕಥೆ ಬೇರೆ, ಶಾಸನ ಬೇರೆ ಎಂದು ತಿಳಿಯುವ ಶಕ್ತಿ ಮಕ್ಕಳಿಗೆ ನಾವು ಎಣಿಸುವುದಕ್ಕಿಂತ ಬೇಗ ಬರುತ್ತದೆ.

ಕಳೆದ ಅವರೆಕಾಯಿಯ ಕಾಲದಲ್ಲಿ, ಬಸವನಗುಡಿಯ ನಮ್ಮ ಮನೆಯಲ್ಲಿ ಪತ್ರಿಕೆ ಹರಡಿಕೊಂಡು ಕಾಯಿ ಸುಲಿಯುತ್ತಾ ಇದೇ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಸೊಗಡಿನಿಂದ ಅವಳ ಬೆರಳುಗಳೆಲ್ಲ ಅಂಟಂಟಾಗಿದ್ದವು. ಅರಸ ಉಂಡು ಎದ್ದ ಎನ್ನುವಲ್ಲಿಗೆ ಬಂದಾಗ ಅವಳು ಸುಲಿಯುವುದನ್ನು ನಿಲ್ಲಿಸಿ, “ಆಮೇಲೆ ಆ ಅಜ್ಜಿ ಏನು ತಿಂದಳು, ತಾತ?” ಎಂದಳು. ಅರವತ್ತು ವರ್ಷಗಳಿಂದ ಬಲ್ಲ ಕಥೆಯಲ್ಲಿ ನಾನು ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ ಅದು. ಗೊತ್ತಿಲ್ಲವೆಂದೆ. ಬುಟ್ಟಿಯಲ್ಲಿದ್ದ ಕಾಳನ್ನು ಎರಡು ಗುಡ್ಡೆ ಮಾಡಿ, ಸ್ವಲ್ಪ ಹೊತ್ತು ನೋಡಿ, ಒಂದರಿಂದ ಮತ್ತೊಂದಕ್ಕೆ ನಾಲ್ಕಾರು ಕಾಳು ಸರಿಸಿ, “ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟಿರಬೇಕು, ಅವನಿಗೆ ತುಂಬಾ ಹಸಿವಾಗಿತ್ತಲ್ಲ” ಎಂದು ಅವಳೇ ತೀರ್ಮಾನಿಸಿದಳು. ನಾನು ತಿದ್ದಲಿಲ್ಲ.

ಅಲ್ಲಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇಂಥ ಕಥೆಗಳಲ್ಲಿ ನಾವು ಅರಸನ ಕಡೆಗೆ, ಅವನು ಇಟ್ಟ ಹೆಸರಿನ ಕಡೆಗೆ ಅವಸರದಿಂದ ಓಡುತ್ತೇವೆ. ಕೊಟ್ಟರೆ ಬಹುಮಾನ ಸಿಗುತ್ತದೆ ಎಂಬ ಪಾಠವಷ್ಟೇ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಅಜ್ಜಿಯ ಗುಡಿಸಿಲಿನಲ್ಲಿ, ಅವಳ ಮಡಕೆಯ ಬಳಿ ಕೊಂಚ ಹೊತ್ತು ಕುಳಿತರೆ ಮಾತ್ರ ಕೊಡುವುದೆಂದರೆ ತನ್ನದರಲ್ಲಿ ಕಡಿಮೆಯಾಗುವುದು ಎಂಬುದು ಮಗುವಿಗೆ ತಟ್ಟುತ್ತದೆ. ತಮ್ಮ ಮಗಳಿಗೆ ಪೆನ್ಸಿಲ್ ಕೊಡುವುದು ಕಷ್ಟವಾದದ್ದು ಅವಳಿಗೆ ಅದರ ಬೆಲೆ ಗೊತ್ತಿರುವುದರಿಂದ. ಅದನ್ನು ಸ್ವಾರ್ಥವೆಂದು ದಯವಿಟ್ಟು ಕರೆಯಬೇಡಿ.

ದಾಖಲೆಯಿರುವ ಕಥೆಯೇ ಬೇಕೆಂದರೆ 10ನೇ ಶತಮಾನದ ಅತ್ತಿಮಬ್ಬೆ ಇದ್ದಾಳೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಆಕೆ. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಅಕ್ಷರವನ್ನೂ ಕೈಯಿಂದಲೇ ಬರೆಯಬೇಕಿತ್ತು. ಮಗಳು ತನ್ನ ಪಾಠದ ಒಂದು ಪುಟವನ್ನು ನಕಲು ಮಾಡಲಿ. ಸಾವಿರವೆಂದರೆ ಎಷ್ಟೆಂದು ಬೆರಳು ನೋವು ಹೇಳಿಕೊಡುತ್ತದೆ.

ಉಡುಗೊರೆಯ ವಿಷಯಕ್ಕೆ ಬರೋಣ. ಕೃತಜ್ಞತೆ ಎಂಬ ಶಬ್ದಕ್ಕೆ ಮಾಡಿದ್ದನ್ನು ಅರಿಯುವುದು ಎಂದೇ ಅರ್ಥ. ಏನು ಮಾಡಿದರೆಂದು ಗೊತ್ತಿಲ್ಲದ ಮಗುವಿನಿಂದ ‘ಥ್ಯಾಂಕ್ಸ್ ಹೇಳು’ ಎಂದು ಬಾಯಿಪಾಠ ಮಾಡಿಸಿ ಫಲವಿಲ್ಲ. ಆ ಫ್ರಾಕ್‌ಗಾಗಿ ಸೋದರತ್ತೆ ಚಿಕ್ಕಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದಿದ್ದರೆ, ಮಂಡಿನೋವಿನಲ್ಲೂ ಬಸ್ಸಿನಲ್ಲಿ ನಿಂತು ಬಂದಿದ್ದರೆ, ಅದನ್ನು ಅತ್ತೆಯ ಬಾಯಿಂದಲೇ ಮಗು ಕೇಳಲಿ. ಆದರೆ ‘ನಿನಗಾಗಿ ನಾವು ಎಷ್ಟೆಲ್ಲ ಮಾಡಿದ್ದೇವೆ’ ಎಂಬ ಕಥೆಯನ್ನು ಮಾತ್ರ ಹೆತ್ತವರು ಎಂದೂ ಹೇಳಬಾರದು. ಅದನ್ನು ಕೇಳುತ್ತಾ ಬೆಳೆದವರ ಪತ್ರಗಳೂ ಈ ಮೇಜಿಗೆ ಬರುತ್ತವೆ. ಅವುಗಳಲ್ಲಿ ಪ್ರೀತಿಗಿಂತ ಸಾಲದ ಭಾರವೇ ಹೆಚ್ಚು.

ಕಾರ್ತಿಕದ ಕೊನೆಯ ಸೋಮವಾರ ನಮ್ಮ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಗಳನ್ನು ಕರೆತನ್ನಿ. ಬೆಳೆ ಮೇಯುತ್ತಿದ್ದ ಬಸವನಿಗೆ ಮೊದಲ ಫಸಲು ನಿನಗೇ ಎಂದು ರೈತರು ಹರಕೆ ಹೊತ್ತ ಕಥೆಯನ್ನು ದಾರಿಯಲ್ಲಿ ಹೇಳಿ, ಒಂದು ಸೇರು ಕಾಯಿ ಕೊಂಡು ಚೀಲವನ್ನು ಅವಳ ಕೈಗೇ ಕೊಡಿ. ಮನೆಗೆ ಬಂದ ಮೇಲೆ ಯಾರಿಗೆ ಎಷ್ಟೆಂದು ಅವಳೇ ನಿರ್ಧರಿಸಲಿ. ಒಬ್ಬಳೇ ಕೂತು ತಿಂದರೂ ಆ ದಿನ ಏನೂ ಅನ್ನಬೇಡಿ. ಸಿಪ್ಪೆಯನ್ನು ಒಟ್ಟಿಗೆ ಗುಡಿಸಿ. ಮುಂದೇನಾಯಿತೆಂದು ನನಗೆ ಬರೆಯಿರಿ.

— ಸಂಪಾದಕ